ಮತ್ತು ಸಂಗಡಿಗರು

ನಮ್ಮ ಮನೆಯಲ್ಲಿ ಪೇಪರು ಓದಲು ಕಲಿತ ಮೊದಲ ತಲೆ ನಾವು. ಡಿಗ್ರಿ ಮುಗಿಸಿ ಹುಮನಾಬಾದಿನಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ ಹಿಡಿದೆವು. ಸಂಬಳವಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಕೂಲಿ. ಹಾಡು, ಭಜನೆ, ಬಾಜಾ ಎಲ್ಲಿದ್ದರೂ ನಾವೇ ಹೋಗಬೇಕು. ರಾತ್ರಿಯೆಲ್ಲಾ ಕೂತು ಕೇಳಿ, ಬೆಳಗಾದರೆ ಬರೆದು ಕಳಿಸಬೇಕು.

ಈ ಕೆಲಸದಲ್ಲಿ ಎರಡು ಬಗೆಯ ಬರವಣಿಗೆ ಇದೆ ಎಂಬುದು ಬೇಗ ತಿಳಿಯಿತು. ವೇದಿಕೆಯ ಮೇಲಿನ ಕಛೇರಿಯಾದರೆ ಹಾಡಿದವರ ಹೆಸರು, ಅವರ ಗುರುವಿನ ಹೆಸರು, ರಾಗ, ತಾಳ, ತಬಲಾ ಸಾಥಿ ಯಾರು, ಹಾರ್ಮೋನಿಯಂ ಯಾರು, ಒಂದೂ ಬಿಡುವ ಹಾಗಿಲ್ಲ. ಜಾತ್ರೆಯ ಮೆರವಣಿಗೆಯಾದರೆ 'ಸಕಲ ವಾದ್ಯಗಳೊಂದಿಗೆ' ಅಂತ ಎರಡೇ ಶಬ್ದ. ವಾದ್ಯಗಳು ತಾವೇ ನಡೆದು ಬಂದವೇ? ಬೆಂಕಿಗೆ ಹಲಗಿ ಕಾಸಿ ಬೆಳತನಕ ಬಾರಿಸಿದವನಿಗೆ ಹೆಸರಿಲ್ಲವೇ? ಬಹಳವಾದರೆ ಮೇಳದ ಮುಂದಾಳಿನ ಹೆಸರು ಬರೆದು 'ಮತ್ತು ಸಂಗಡಿಗರು' ಅನ್ನುತ್ತಾರೆ. ಆ ಎರಡು ಶಬ್ದದೊಳಗೆ ನಮ್ಮ ಇಡೀ ಕೇರಿ ಮುಳುಗಿಹೋಗಿದೆ.

ಇದು ನಿನ್ನೆ ಮೊನ್ನೆಯ ರೋಗವಲ್ಲ. ಪಕ್ಕದ ಕಲ್ಯಾಣಕ್ಕೆ ಹೋಗಿ ನೋಡೋಣ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳಿದ್ದು 1126ರಿಂದ 1138ರವರೆಗೆ. ಅವನ 'ಮಾನಸೋಲ್ಲಾಸ' 1130ರ ಆಸುಪಾಸಿನ ಸಂಸ್ಕೃತ ಗ್ರಂಥ. ಅದರಲ್ಲಿ ಹಾಡಿಗೆ, ವಾದ್ಯಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ. ಸೋಮೇಶ್ವರನ ಕಿವಿ ಚುರುಕು, ಇದನ್ನು ನಾವು ಒಪ್ಪುತ್ತೇವೆ. ಮದುವೆಗೆ ಧವಳ, ಹಬ್ಬಕ್ಕೆ ಮಂಗಳ, ಕಥೆಗೆ ಷಟ್ಪದಿ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿ ಎಂದೆಲ್ಲಾ ದಾಖಲು ಮಾಡಿದ್ದಾನೆ. ಒನಕೆಯ ಸದ್ದು ಅರಮನೆಗೆ ಕೇಳಿತ್ತು. ಆದರೆ ಒನಕೆ ಹಿಡಿದವಳು ಯಾರು? ಹೆಸರಿಲ್ಲ. ಅಧ್ಯಾಯಗಳ ಹೆಸರನ್ನೇ ನೋಡಿರಿ: ಗೀತವಿನೋದ, ವಾದ್ಯವಿನೋದ. ಯಾರ ದುಡಿಮೆ, ಯಾರ ವಿನೋದ!

ಮೂರು ನಾಲ್ಕು ದಶಕ ಕಳೆಯುವುದರೊಳಗೆ ಅದೇ ಊರಿನಲ್ಲಿ ಲೆಕ್ಕ ತಲೆಕೆಳಗಾಯಿತು. ಶರಣರ ಪಟ್ಟಿಯಲ್ಲಿ ವಾದ್ಯವೇ ಮನುಷ್ಯನ ಹೆಸರಿನ ಮೊದಲು ಬಂದು ಕೂತಿತು. ಕಿನ್ನರಿ ಬೊಮ್ಮಯ್ಯ. ಡಕ್ಕೆಯ ಬೊಮ್ಮಣ್ಣ. ರಾಗದ ಸಂಕಣ್ಣ. ವೇಷ ಕಟ್ಟಿ ಕುಣಿದ ಬಹುರೂಪಿ ಚೌಡಯ್ಯ. ಮಾರಿಯನ್ನು ತಲೆಯ ಮೇಲೆ ಹೊತ್ತು ಡಕ್ಕೆ ಬಾರಿಸುತ್ತ ತಿರುಗಿದವನು ಡಕ್ಕೆಯ ಬೊಮ್ಮಣ್ಣ ಎನ್ನುತ್ತಾರೆ. ಅವನ ಕೈಯಲ್ಲಿ ಡಕ್ಕೆಯೂ ಇತ್ತು, ವಚನವೂ ಇತ್ತು. ತನ್ನ ಸುದ್ದಿಯನ್ನು ತಾನೇ ಬರೆದ, ಕೊನೆಗೆ ತನ್ನದೇ ಅಂಕಿತ ಹಾಕಿದ. ಅದಕ್ಕೇ ಎಂಟುನೂರು ವರ್ಷ ದಾಟಿಯೂ ಅವನು 'ಸಂಗಡಿಗ' ಆಗಲಿಲ್ಲ, ಬೊಮ್ಮಣ್ಣನಾಗಿಯೇ ಉಳಿದ.

ಇನ್ನು ಹುಮನಾಬಾದಿನ ಮಗ್ಗುಲಿನ ಮಾಣಿಕನಗರ. ಮಾಣಿಕಪ್ರಭುಗಳು 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದರು. ಮರಾಠಿ, ಹಿಂದಿ, ಕನ್ನಡ ಅಂತ ಭೇದವಿಲ್ಲದೆ ಪದ ಕಟ್ಟಿದರು. ಪದದ ಕೊನೆಗೆ 'ಮಾಣಿಕ' ಎಂಬ ಅಂಕಿತ. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ಸಂಗೀತದ ದರಬಾರು ನಡೆಯುತ್ತದೆ. ಅಂಕಿತವಿತ್ತು, ಪದಗಳನ್ನು ಕಾಪಿಡಲು ಒಂದು ಸಂಸ್ಥಾನವಿತ್ತು. ಆದ್ದರಿಂದ ಅವು ಉಳಿದವು. ಸಂಸ್ಥಾನವಿಲ್ಲದವನ ಹಲಗಿಯ ಪೆಟ್ಟನ್ನು ಯಾರು ಕಾಪಿಡಬೇಕು? ಸುದ್ದಿ ಬರೆಯುವವನಲ್ಲದೆ ಇನ್ಯಾರು?

ಒಮ್ಮೆ ಒಂದು ಜಾತ್ರೆಯಲ್ಲಿ ಹಲಗಿ ಬಾರಿಸಿದ ಏಳು ಮಂದಿಯ ಹೆಸರು ಕೇಳಿ ಬರೆದುಕೊಂಡೆವು. ಅವರಲ್ಲಿ ಹಿರಿಯರೊಬ್ಬರು ಗಾಬರಿಯಾಗಿ, 'ನನ್ ಹೆಸ್ರು ಯಾಕ ಬರಕೋತಿ ತಮ್ಮಾ, ಏನರ ಕೇಸ್ ಆಗ್ಯಾದೇನು?' ಅಂದರು. ಅವರ ಹೆಸರು ಅಲ್ಲಿಯತನಕ ಕಾಗದಕ್ಕೆ ಇಳಿದದ್ದು ಸಾಹುಕಾರನ ಸಾಲದ ವಹಿಯಲ್ಲಿ, ಠಾಣೆಯ ಪುಸ್ತಕದಲ್ಲಿ. ಸುದ್ದಿ ಅಚ್ಚಾಗಿ ಬಂತು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವಂದಿಸಿದವರು ಎಲ್ಲಾ ಇದ್ದರು. ಏಳು ಹೆಸರು ಇರಲಿಲ್ಲ. ಜಾಗ ಸಾಲಲಿಲ್ಲವಂತೆ.

ನಮ್ಮ ಓಣಿಯ ಹುಡುಗನೊಬ್ಬ ಬೇರೆಯೇ ಮಾತಾಡಿದ: 'ಬರೀಬ್ಯಾಡ್ರಿ ಅಣ್ಣಾ. ನಾವು ಹಲಗಿ ಬಿಟ್ಟೀವಿ. ನೀವು ಅದನ್ನ ದೊಡ್ಡದು ಮಾಡಿ ಬರದ್ರ ನಾಳಿಗಿ ಮತ್ತ ಬಾರ್ಸು ಅಂತಾರ.' ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಊರ ಹೆಣಕ್ಕೂ ಊರ ದೇವರಿಗೂ ಬಿಟ್ಟಿಯಾಗಿ ಬಾರಿಸಬೇಕೆಂಬ ಚಾಕರಿಯನ್ನು ಒಗೆದವರ ಜೊತೆಗೇ ನಾವಿದ್ದೇವೆ. ಆ ಚಾಕರಿಯನ್ನು 'ಜಾನಪದ ಸೊಗಡು' ಅಂತ ಹೊಗಳುವ ಬರಹ ನಮಗೆ ಬೇಡ. ಆದರೆ ಚಾಕರಿ ಬೇರೆ, ಕಲೆ ಬೇರೆ. ಚಾಕರಿ ಸಾಯಲಿ. ಅದರ ಹೊರೆಯ ಕೆಳಗೂ ಲಯ ತಪ್ಪದಂತೆ ಬಾರಿಸಿದ ಅಜ್ಜನ ಹೆಸರು ಯಾಕೆ ಸಾಯಬೇಕು? ಬಾರಿಸಿದ್ದಕ್ಕೂ ಹೆಸರಿರಲಿ, ಬಾರಿಸುವುದಿಲ್ಲ ಎಂದು ಹಲಗಿ ಕೆಳಗಿಟ್ಟದ್ದಕ್ಕೂ ಹೆಸರಿರಲಿ. ಎರಡೂ ಚರಿತ್ರೆಯೇ.

ಕಾಲೇಜು ಮೆಟ್ಟಿಲು ಹತ್ತಿದ ತಮ್ಮಂದಿರೇ, ತಂಗಿಯರೇ, ನಿಮ್ಮ ಮುತ್ತಜ್ಜಿ ಬೀಸುವಾಗ ಹಾಡುತ್ತಿದ್ದಳೇ? ನಿಮ್ಮಪ್ಪ ಮೊಹರಮ್ಮಿನಲ್ಲಿ ಹಲಗಿ ಹಿಡಿದಿದ್ದನೇ? ಅವರ ಹೆಸರು, ಊರು, ಯಾರಿಂದ ಕಲಿತರು, ಎಷ್ಟು ಕೂಲಿ ಸಿಕ್ಕಿತು, ಎಷ್ಟು ಸಿಗಲಿಲ್ಲ, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪತ್ರಿಕೆಯವರಿಗೆ ಜಾಗ ಸಾಲದಿದ್ದರೆ ನಮಗೆ ಕಳಿಸಿರಿ. ಆ ಏಳು ಮಂದಿಯ ಹೆಸರಿರುವ ಹಾಳೆ ಇನ್ನೂ ನಮ್ಮ ಹತ್ತಿರವೇ ಇದೆ.