ಅನ್ಯಲೋಕದವರಿಗೆ ನಮ್ಮ ಬಾಗಿಲು

ಗೇಣು, ಮೊಳ, ಮಾರು – ಈ ಅಳತೆಗಳೆಲ್ಲ ನಮ್ಮ ಮೈಯಿಂದಲೇ ಹುಟ್ಟಿದುವು. ಬಾಗಿಲು ನಮ್ಮ ಎತ್ತರಕ್ಕೆ, ಮೆಟ್ಟಿಲು ನಮ್ಮ ಹೆಜ್ಜೆಗೆ. ವಿಜ್ಞಾನ ಕಥೆಗಾರರು ಮನುಷ್ಯನನ್ನು ಅನ್ಯಲೋಕಕ್ಕೆ ಕಳುಹಿದಾಗ ಈ ಅಳತೆಯೂ ಅವನ ಜೊತೆಯಲ್ಲೇ ಹೊರಟಿತು. ಇದರ ಫಲವೇನೆಂಬುದು ವಿಚಾರಯೋಗ್ಯವಾದುದು.

1961ರಲ್ಲಿ ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ‘ಸೋಲಾರಿಸ್’ ಕಾದಂಬರಿಯನ್ನು ಪ್ರಕಟಿಸಿದರು. ಗ್ರಹವನ್ನು ಆವರಿಸಿರುವ ಚೇತನಸಮುದ್ರ; ಅದರ ಮೇಲೆ ಮನುಷ್ಯರ ನಿಲ್ದಾಣ. ಸಮುದ್ರವನ್ನು ಕುರಿತ ಹೊತ್ತಗೆಗಳೆಲ್ಲ ಅಲ್ಲಿನ ಗ್ರಂಥಾಲಯದಲ್ಲಿವೆ; ಆದರೆ ಆ ಕೋಣೆಗೆ ಕಿಟಕಿಯೇ ಇಲ್ಲ! ಕೊನೆಗೆ ಸಮುದ್ರವೇ ಒಳಬಂದಿತು, ನಾಯಕ ಕೆಲ್ವಿನ್ನನ ಸತ್ತ ಹೆಂಡತಿಯ ರೂಪು ತಳೆದು. ಮನುಷ್ಯನ ಮನೆಗೆ ಮನುಷ್ಯರೂಪಿನಲ್ಲೇ ಪ್ರವೇಶ.

1968ರಲ್ಲಿ ಆರ್ಥರ್ ಕ್ಲಾರ್ಕರು ‘2001: ಎ ಸ್ಪೇಸ್ ಒಡಿಸ್ಸಿ’ ಕಾದಂಬರಿಯಲ್ಲಿ ಇದನ್ನು ತಿರುಗುಮುರುಗು ಮಾಡಿದರು. ಅಲ್ಲಿ ಅನ್ಯರೇ ಆತಿಥೇಯರು. ನಮ್ಮ ಟೆಲಿವಿಷನ್ ಪ್ರಸಾರವನ್ನು ನೋಡಿ ಅವರು ಯಾತ್ರಿಕ ಬೋಮನ್ನನಿಗೆ ಹೋಟೆಲಿನ ಕೋಣೆಯನ್ನೇ ಕಟ್ಟಿಕೊಟ್ಟರು. ಟೆಲಿಫೋನುಂಟು, ಸದ್ದಿಲ್ಲ; ಡೈರೆಕ್ಟರಿಯುಂಟು, ಹಾಳೆಗಳು ಬರಿದು. ಉಪಚಾರ ದೊರೆಯಿತು, ಉಪಚರಿಸಿದವರ ಮುಖ ಮಾತ್ರ ಕಾಣಲಿಲ್ಲ.

ಅದೇ ಕ್ಲಾರ್ಕರ 1973ರ ‘ರಾಮ’ ನೌಕೆಯ ಉದ್ದ 50 ಕಿಲೋಮೀಟರು. ಅದು ನಮಗಾಗಿ ಕಟ್ಟಿದುದಲ್ಲ. ಮನುಷ್ಯರು ಒಳಹೊಕ್ಕರು, ಸುತ್ತಾಡಿದರು. ನೌಕೆ ಅವರನ್ನು ಲೆಕ್ಕಿಸದೆ ತನ್ನ ದಾರಿ ಹಿಡಿಯಿತು.

ಇಂದಿಗೂ ಅನ್ಯಲೋಕದ ಜೀವಿ ನಮಗೆ ದೊರೆತಿಲ್ಲ. ಆದರೆ ಕಥೆಗಳು ಒಂದು ಮಾತನ್ನು ಮೊದಲೇ ತಿಳಿಸಿವೆ: ನಮ್ಮ ಅಳತೆಯ ಬಾಗಿಲಲ್ಲಿ ನಮ್ಮಂಥವರೇ ಬರುವರು. ಪಕ್ಕದ ಮನೆಯ ಅಪರಿಚಿತನ ವಿಷಯದಲ್ಲಿಯೂ ಈ ಮಾತು ಸಲ್ಲುವುದಲ್ಲವೆ?