ಗಡಿನಾಡಿನ ಹೊಸ ವ್ಯಾಪಾರಿಯೂ ತೆರಿಗೆಯ ಆಯ್ಕೆಯೂ

ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಅನೇಕರು ಊರಿನಲ್ಲಿಯೇ ಅಂಗಡಿ, ಹೋಟೆಲು, ತಿಂಡಿ ತಯಾರಿಕೆಗಳನ್ನು ಆರಂಭಿಸುತ್ತಾರೆ. ಮಂಜೇಶ್ವರದವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಜತ್ತದವರಿಗೆ ವಿಜಯಪುರ ಹತ್ತಿರದ ಪೇಟೆ. ತೆರಿಗೆಯ ಕಾನೂನಿಗೆ ಮಾತ್ರ ಅದು ಹೊರರಾಜ್ಯ. ಆದುದರಿಂದ ಒಳನಾಡಿನ ವ್ಯಾಪಾರಿಗೆ ಹೊಂದುವ ಆಯ್ಕೆ ನಮಗೆ ಹೊಂದಲಾರದು.

ನೋಂದಣಿ ಯಾವಾಗ?

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಲ್ಲಿದೆ. ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರ ವಾರ್ಷಿಕ ವಹಿವಾಟು ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಪ್ರದೇಶ, ಗೋವೆಗಳಲ್ಲಿ 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ತೆಲಂಗಾಣದಲ್ಲಿ ಈ ಮಿತಿ 20 ಲಕ್ಷ. ಸೇವೆ ಒದಗಿಸುವವರಿಗೂ 20 ಲಕ್ಷ. ಆದರೆ ತೆರಿಗೆಗೊಳಪಡುವ ಸರಕನ್ನು ಗಡಿಯಾಚೆಗೆ ಕಳುಹಿಸುವವರು, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಅಲ್ಪವಾಗಿರಲಿ ನೋಂದಾಯಿಸಲೇಬೇಕು. ಆಚೆಯ ಗ್ರಾಹಕರು ಅಂಗಡಿಗೆ ಬಂದು ಕೊಂಡು, ಬಿಲ್ಲಿನಲ್ಲಿ ಅವರ ವಿಳಾಸ ದಾಖಲಾಗದಿದ್ದರೆ, ಅದು ರಾಜ್ಯದೊಳಗಿನ ಮಾರಾಟವೇ. ನೋಂದಣಿಗೆ ಸರಕಾರಿ ಶುಲ್ಕವಿಲ್ಲ.

ರಾಜಿ ತೆರಿಗೆಯೋ, ಸಾಮಾನ್ಯ ಪದ್ಧತಿಯೋ?

ಕಾಂಪೋಸಿಷನ್ ಎಂದು ಕರೆಯುವ ರಾಜಿ ಪದ್ಧತಿ 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಲಭ್ಯ. ವ್ಯಾಪಾರಿ ಮತ್ತು ತಯಾರಕರಿಗೆ ಶೇ. 1, ಹೋಟೆಲಿಗೆ ಶೇ. 5. ತೆರಿಗೆ ಪಾವತಿ ಮೂರು ತಿಂಗಳಿಗೊಮ್ಮೆ, ವಿವರಪಟ್ಟಿ ವರ್ಷಕ್ಕೊಮ್ಮೆ. 50 ಲಕ್ಷ ರೂಪಾಯಿಯ ತೆರಿಗೆಯುಕ್ತ ಮಾರಾಟವಿದ್ದರೆ ಕಟ್ಟಬೇಕಾದುದು 50,000 ರೂಪಾಯಿ. ಈ ಹಣವನ್ನು ಗ್ರಾಹಕರಿಂದ ಪಡೆಯುವಂತಿಲ್ಲ. ಖರೀದಿಯಲ್ಲಿ ತೆತ್ತ ತೆರಿಗೆಯ ಜಮೆಯೂ ದೊರೆಯದು. ಹೊರರಾಜ್ಯದಿಂದ ಸರಕು ತರಿಸಬಹುದು, ಆದರೆ ಹೊರರಾಜ್ಯಕ್ಕೆ ಕಳುಹಿಸುವಂತಿಲ್ಲ. ಮಂಜೇಶ್ವರದಲ್ಲೊಂದು, ಮಂಗಳೂರಿನಲ್ಲೊಂದು ಅಂಗಡಿಯನ್ನು ಒಂದೇ ಪ್ಯಾನ್ ಸಂಖ್ಯೆಯಲ್ಲಿ ನಡೆಸುವವರು ಒಂದರಿಂದ ಇನ್ನೊಂದಕ್ಕೆ ಸರಕು ಸಾಗಿಸಿದರೂ ಅದು ಅಂತರರಾಜ್ಯ ಪೂರೈಕೆಯೇ ಆಗುತ್ತದೆ.

ಸಾಮಾನ್ಯ ಪದ್ಧತಿಯಲ್ಲಿ ಲೆಕ್ಕ ಹೆಚ್ಚು, ಆದರೆ ಗಡಿಯ ತಡೆಯಿಲ್ಲ. ಬಿಲ್ಲಿನಲ್ಲಿ ತೆರಿಗೆ ತೋರಿಸುವುದರಿಂದ ನೋಂದಾಯಿತ ಸಗಟು ಖರೀದಿದಾರರಿಗೆ ಅದರ ಜಮೆ ಸಿಗುತ್ತದೆ. ರಾಜಿ ಪದ್ಧತಿಯವರಿಂದ ಕೊಳ್ಳಲು ಅವರು ಹಿಂಜರಿಯುವುದು ಇದಕ್ಕಾಗಿಯೇ. ಊರಿನ ಮನೆಗಳಿಗಷ್ಟೇ ಮಾರುವವರಿಗೆ ರಾಜಿ ಪದ್ಧತಿ ಹಗುರ. ಆಚೆಯ ಪೇಟೆಯನ್ನು ನಂಬಿದವರಿಗೆ ಸಾಮಾನ್ಯ ಪದ್ಧತಿಯೊಂದೇ ದಾರಿ.

ಆದಾಯ ತೆರಿಗೆ

ಇದು ಬೇರೆಯೇ ಲೆಕ್ಕ. ಏಕಮಾಲೀಕರ ಲಾಭ ಅವರ ವೈಯಕ್ತಿಕ ಆದಾಯಕ್ಕೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ. ಚಿಕ್ಕದಾಗಿ ಒಬ್ಬರೇ ತೊಡಗುವಾಗ ಏಕಮಾಲೀಕತ್ವವೇ ಸಾಮಾನ್ಯವಾಗಿ ಲಾಭಕರ. 2 ಕೋಟಿವರೆಗಿನ ವಹಿವಾಟಿಗೆ ಅಂದಾಜು ಆದಾಯ ಪದ್ಧತಿಯುಂಟು. ನಗದು ಸ್ವೀಕೃತಿ ಶೇ. 5 ಮೀರದಿದ್ದರೆ 3 ಕೋಟಿವರೆಗೆ. ನಗದು ಮಾರಾಟದ ಶೇ. 8, ಬ್ಯಾಂಕಿನ ಮೂಲಕ ಬಂದುದರ ಶೇ. 6 ಲಾಭವೆಂದು ಎಣಿಕೆ. 50 ಲಕ್ಷವೂ ಬ್ಯಾಂಕಿನ ಮೂಲಕವೇ ಬಂದರೆ ಲಾಭ 3 ಲಕ್ಷ. ನಗದಾದರೆ 4 ಲಕ್ಷ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ಘೋಷಿಸಬೇಕು. ಈ ಪದ್ಧತಿಗೆ ಸೇರಿ ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮರಳುವಂತಿಲ್ಲ.

ತಿಳಿಯದೆ ಸಹಿ ಬೇಡ

ಭಾಷೆ ತಿಳಿಯದೆಂದು ಕಾಗದಪತ್ರವೆಲ್ಲವನ್ನೂ ಮಧ್ಯವರ್ತಿಗೆ ಒಪ್ಪಿಸಿ ಸಹಿ ಹಾಕುವುದು ಅಪಾಯಕರ. ತಪ್ಪು ಆಯ್ಕೆಯ ಬಾಕಿ ಮತ್ತು ದಂಡ ಬೀಳುವುದು ಮಾಲೀಕರ ಮೇಲೆಯೇ. ಯಾವ ಪದ್ಧತಿ, ಏಕೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡ ಬಳಿಕವೇ ಒಪ್ಪಿಗೆ ಕೊಡಿ. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ; ಅದನ್ನು ಬಳಸಿಕೊಳ್ಳಿ. ಹತ್ತನೆಯ ತರಗತಿಯ ಗಣಿತ ಬಲ್ಲ ಮಕ್ಕಳು ಮನೆಯಲ್ಲಿದ್ದರೆ, ಮೇಲಿನ ಲೆಕ್ಕಗಳನ್ನು ಅವರಿಂದಲೇ ಮಾಡಿಸಿ ನೋಡಿ.