ಮರೆ ಹೊಕ್ಕವರ ಮೊರೆ

‘ಹೈಕೋರ್ಟ್ ಮೊರೆ ಹೋದ ನೌಕರರು’. ಪತ್ರಿಕೆಯಲ್ಲಿ ಇಂಥ ತಲೆಬರಹ ನಮಗೆ ಎಷ್ಟು ರೂಢಿಯೆಂದರೆ, ಅದರೊಳಗಿನ ತೊಡಕು ಕಣ್ಣಿಗೇ ಬೀಳುವುದಿಲ್ಲ. ಮೊರೆ ಎಂದರೆ ಕೂಗು, ಅಳಲು. ಮೊರೆ ಇಡಬಹುದು, ಮೊರೆ ಕೇಳಬಹುದು. ಹೋಗಲು ಅದೇನು ಊರೇ?

ಹಳಗನ್ನಡದತ್ತ ತಿರುಗಿದರೆ ಗಂಟು ಸಡಿಲವಾಗುತ್ತದೆ. ಅಲ್ಲಿರುವುದು ‘ಮರೆವುಗು’: ಮರೆ ಮತ್ತು ಪುಗು. ಮರೆ ಎಂದರೆ ಅಡ್ಡ, ಆಸರೆ. ಪುಗು ಎಂದರೆ ಒಳಗೆ ಸೇರು. ಶಾಸನಗಳ ಸಾಮಂತರು ಸಂಸ್ಕೃತದಲ್ಲಿ ‘ಶರಣಾಗತವಜ್ರಪಂಜರ’ರಾದಂತೆ ಕನ್ನಡದಲ್ಲಿ ಮರೆವೊಕ್ಕವರನ್ನು ಕಾಯುವವರೂ ಆಗಿದ್ದರು. ಪಕಾರ ಹಕಾರವಾದಾಗ ಪುಗು ‘ಹೊಗು’ ಆಯಿತು. ಈ ನುಡಿಗಟ್ಟಿನಲ್ಲಿ ಹೊಗುವಿನ ಜಾಗಕ್ಕೆ ‘ಹೋಗು’ ಬಂತು. ಆಸರೆಗೆ ಓಡಿಬಂದವನು ಸುಮ್ಮನೆ ಬರುವುದಿಲ್ಲ, ಕೂಗುತ್ತಲೇ ಬರುತ್ತಾನೆ. ಹಾಗಾಗಿ ಮರೆಯ ಜಾಗದಲ್ಲಿ ಮೊರೆ ಬಂದು ಕೂತಿತು ಎಂಬುದು ನನ್ನ ಎಣಿಕೆ. ‘ಮೊರೆಹೊಕ್ಕ’ ಎಂದು ಬರೆಯುವವರು ಈಗಲೂ ಇದ್ದಾರೆ. ಆ ‘ಹೊಕ್ಕ’ದಲ್ಲಿ ಹಳೆಯ ಬಾಗಿಲು ಉಳಿದಿದೆ. ತಮಿಳರು ಕೂಗನ್ನು ಕೂಗಾಗಿಯೇ ಇಟ್ಟುಕೊಂಡರು: ಕೋರ್ಟಿನ ಅಪೀಲಿಗೆ ಅವರದು ‘ಮೇಲ್‌ಮುರೈಯೀಡು’, ಮೇಲಿನವರ ಮುಂದಿಟ್ಟ ಮೊರೆ. ನಮ್ಮದು ಮೇಲ್ಮನವಿ. ಅದರಲ್ಲಿ ಅಳುವಿಲ್ಲ, ಅರ್ಜಿಯಿದೆ.

ನಮ್ಮಲ್ಲಿ ಬೆರೆತುಹೋದ ಮರೆ, ಮೊರೆ ಎರಡನ್ನೂ ಆಸ್ಟ್ರೇಲಿಯಾದ ಕಾನೂನು ಬೇರೆ ಬೇರೆ ಮನೆಗಳಲ್ಲಿ ಇಟ್ಟಿದೆ. ನಿರಾಶ್ರಿತ ಕೇಳುವುದು ರಕ್ಷಣಾ ವೀಸಾ. ಇಲಾಖೆ ನಿರಾಕರಿಸಿದರೆ ಟ್ರಿಬ್ಯೂನಲ್ ಅವನ ಕಥೆಯನ್ನು ಹೊಸದಾಗಿ ಕೇಳುತ್ತದೆ. ಅದೂ ಒಲ್ಲೆನೆಂದರೆ 35 ದಿನಗಳೊಳಗೆ ಕೋರ್ಟು. ಆದರೆ ಕೋರ್ಟು ‘ನಿನಗೆ ಪ್ರಾಣಭಯವಿದೆಯೇ’ ಎಂದು ಕೇಳುವುದಿಲ್ಲ. ಟ್ರಿಬ್ಯೂನಲ್ ಕಾನೂನು ತಪ್ಪಿತೇ ಎಂದಷ್ಟೇ ನೋಡುತ್ತದೆ. ಗೆದ್ದವನ ಕೈಗೂ ವೀಸಾ ಬರುವುದಿಲ್ಲ, ಕಡತ ಮತ್ತೆ ಟ್ರಿಬ್ಯೂನಲ್ಲಿಗೆ ಹೋಗುತ್ತದೆ. ಮೊರೆ ಕೇಳುವವರು ಮರೆ ಕೊಡುವವರಲ್ಲ.

ಮರೆಗೆ ಇನ್ನೊಂದು ಅರ್ಥವಿದೆ, ಬಚ್ಚಿಡುವುದು. ಮರೆಮಾಚು, ಕಣ್ಮರೆ, ತಲೆಮರೆಸಿಕೊಳ್ಳು ಎಲ್ಲ ಅದರ ಬಳಗವೇ. ಕಾಯುವ ಮರೆ, ಅಡಗಿಸುವ ಮರೆ ಎರಡೂ ಒಂದು ಮೊಕದ್ದಮೆಯಲ್ಲಿ ಎದುರುಬದುರಾದವು. ಬಾಂಗ್ಲಾದೇಶದಿಂದ ಬಂದ ಸಲಿಂಗಿ ಜೋಡಿಯೊಂದು ಆಸ್ಟ್ರೇಲಿಯಾದಲ್ಲಿ ರಕ್ಷಣೆ ಕೇಳಿತು. ಅವರು ಸಲಿಂಗಿಗಳೆಂಬುದನ್ನು ಟ್ರಿಬ್ಯೂನಲ್ ಒಪ್ಪಿತು. ಆದರೆ ಊರಲ್ಲಿದ್ದಾಗ ಯಾರ ಕಣ್ಣಿಗೂ ಬೀಳದಂತೆ ಬಾಳಿದ್ದರು, ಮರಳಿದರೂ ಹಾಗೇ ಬಾಳುತ್ತಾರೆ, ಆದ್ದರಿಂದ ಅಪಾಯವಿಲ್ಲ ಎಂದು ಅರ್ಜಿ ತಳ್ಳಿತು. ಮರೆ ಬೇಡಿ ಬಂದವರಿಗೆ ‘ಮರೆಯಲ್ಲೇ ಇರಿ’ ಎಂಬ ಉತ್ತರ! ಕೆಳಗಿನ ಕೋರ್ಟುಗಳಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹೈಕೋರ್ಟಿಗೆ ಕಂಡಿತು. ಆಸ್ಟ್ರೇಲಿಯಾದಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಅವರು ಅಡಗಿ ಬಾಳಿದ್ದು ಭಯದಿಂದಲೇ ಅಲ್ಲವೇ ಎಂದು ಟ್ರಿಬ್ಯೂನಲ್ ಕೇಳಿಕೊಳ್ಳಲೇ ಇಲ್ಲ. ಆ ತಪ್ಪಿಗಾಗಿ 2003ರ ಡಿಸೆಂಬರ್‌ನಲ್ಲಿ ಏಳರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ನಿರ್ಣಯವನ್ನು ಹೊಡೆದುಹಾಕಿದರು. ಕಡತ, ವಾಡಿಕೆಯಂತೆ, ಹಿಂದಕ್ಕೆ ಹೋಯಿತು.

ರಕ್ಷಣೆ ಕೋರಿದವರ ಹೆಸರನ್ನು ಅಲ್ಲಿನ ಕೋರ್ಟುಗಳು ಪ್ರಕಟಿಸುವಂತಿಲ್ಲ. ಆ ತೀರ್ಪಿನಲ್ಲಿ ಒಬ್ಬ ಮೇಲ್ಮನವಿದಾರ ಎಸ್395, ಇನ್ನೊಬ್ಬ ಎಸ್396.